11 ದಿನ ಕ್ಲಾಸಿಗೆ ಹೋಗಿಲ್ಲ, ಈಗ ಸಾರ್ ಹತ್ತಿರ ಏನಂತ ಹೇಳೋದು?

ಪಾಂಡವಪುರದ ಹುಡುಗ (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಎಂಜಿನಿಯರಿಂಗ್ ಮೂರನೇ ಸೆಮಿಸ್ಟರ್ ಓದುತ್ತಿದ್ದೇನೆ. ಊರು ಪಾಂಡವಪುರದ ಹತ್ತಿರ ಒಂದು ಹಳ್ಳಿ. ರೂಮು ಸರಸ್ವತಿಪುರಂನಲ್ಲಿ.

ಹೋದ ತಿಂಗಳ ಕೊನೆಯಲ್ಲಿ ನಮ್ಮಜ್ಜಿ ತೀರಿಕೊಂಡರು. ಬೆಳಗಿನ ಜಾವ ನಾಲ್ಕಕ್ಕೆ ಅಪ್ಪ ಫೋನ್ ಮಾಡಿ ‘ಬಾ’ ಅಂದರು, ಅಷ್ಟೇ. ಹಾಕಿದ್ದ ಬಟ್ಟೆಯಲ್ಲೇ ಬಸ್ ಹತ್ತಿದೆ. ಹಾಲು ತುಪ್ಪ ಮುಗಿಸಿ ವಾಪಸ್ ಬರೋಣ ಅಂದುಕೊಂಡಿದ್ದೆ. ಆಗಲಿಲ್ಲ. ಮನೆಗೆ ಗಂಡು ಹುಡುಗ ಅಂತ ಇರೋದು ನಾನೊಬ್ಬನೇ. ನೆಂಟರಿಗೆ ಹೇಳೋದು, ಸಾಮಾನು ತರೋದು, ಶಾಮಿಯಾನ, ಅಡುಗೆಯವರು, ಎಲ್ಲಾ ನನ್ನ ತಲೆ ಮೇಲೆ ಬಿತ್ತು. ಹನ್ನೊಂದನೇ ದಿನದ ತಿಥಿ ಮುಗಿಸಿಕೊಂಡೇ ಬಂದೆ.

ನನ್ನ ತಪ್ಪು ಏನಂದರೆ, ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ. ಇಂಟರ್ನಲ್ಸ್‌ನ (ಸೆಮಿಸ್ಟರ್ ನಡುವೆ ಕಾಲೇಜೇ ನಡೆಸೋ ಟೆಸ್ಟ್) ಎರಡು ಪೇಪರ್ ಹೋಯಿತು. ಎರಡು ಲ್ಯಾಬ್ ಹೋಯಿತು. ಬಂದು ನಾಲ್ಕು ದಿನ ಆಯಿತು. ಎರಡು ಸಲ ಸ್ಟಾಫ್ ರೂಮಿನ ಬಾಗಿಲ ತನಕ ಹೋಗಿ ಚಪ್ಪಲಿ ನೋಡಿಕೊಂಡು ವಾಪಸ್ ಬಂದಿದ್ದೇನೆ. ಗಣಿತದ ಸಾರ್ ಹಾಜರಿ ಕೂಗುವಾಗ ನನ್ನ ನಂಬರ್ ಬಂದರೆ ತಲೆ ಎತ್ತಿ ಒಮ್ಮೆ ನೋಡುತ್ತಾರೆ. ಏನೂ ಕೇಳೋದಿಲ್ಲ. ಬೈದಿದ್ದರೇ ವಾಸಿ ಇತ್ತು.

ಒಂದು ಪತ್ರ ಬರೆದಿದ್ದೇನೆ. ಸರಿ ಇದೆಯಾ ನೋಡಿ:

‘ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೋರಿಕೊಳ್ಳುವುದೇನೆಂದರೆ, ನಾನು ಅನಿವಾರ್ಯ ಕಾರಣಗಳಿಂದ 11 ದಿನಗಳ ಕಾಲ ತರಗತಿಗೆ ಗೈರುಹಾಜರಾಗಿದ್ದು, ತಾವು ದಯಮಾಡಿ ನನಗೆ ಹಾಜರಾತಿ ನೀಡಿ, ಇಂಟರ್ನಲ್ಸ್ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಿ, ನೋಟ್ಸ್ ಒದಗಿಸಿ ಸಹಕರಿಸಬೇಕಾಗಿ ವಿನಂತಿ.’

ಬಲ್ಲಾಳ್ ಸರ್ಕಲ್

ಅಜ್ಜಿ ವಿಷಯ ಕೇಳಿ ಬೇಜಾರಾಯಿತು ಗುರು.

ಪತ್ರ ಎಲ್ಲಾ ಬಿಡು, ಒಂದು ಮೆಡಿಕಲ್ ಸರ್ಟಿಫಿಕೇಟ್ ಹಾಕು. ಟೈಫಾಯ್ಡ್ ಅಂತ ಬರೆಸು. ನಮ್ಮ ಕ್ಲಾಸಲ್ಲಿ ಅರ್ಧ ಜನಕ್ಕೆ ವರ್ಷಕ್ಕೊಂದು ಟೈಫಾಯ್ಡ್ ಬರುತ್ತೆ. ಯಾರೂ ಕೇಳಲ್ಲ.

ಚಾಕ್‌ಪೀಸ್ ಮೇಡಂ

ಯಾರೂ ಕೇಳಲ್ಲ ಅಂದರೆ ಗೊತ್ತಾಗಲ್ಲ ಅಂತಲ್ಲಪ್ಪ ಬಲ್ಲಾಳ್ ಸರ್ಕಲ್. ನಾನು ಮಂಡ್ಯದ ಒಂದು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನನ್ನ ಡ್ರಾಯರಿನಲ್ಲಿ ಇಂಥ ಸರ್ಟಿಫಿಕೇಟು ಒಂದು ಕಟ್ಟು ಇದೆ. ಒಬ್ಬ ಹುಡುಗ 14 ದಿನ ಟೈಫಾಯ್ಡ್ ಅಂತ ತಂದುಕೊಟ್ಟ. ಅದೇ 14 ದಿನದೊಳಗೆ ಅವರ ಬೀದಿಯ ಗಣಪತಿ ಬಿಟ್ಟಿದ್ದರು. ಟ್ರ್ಯಾಕ್ಟರ್ ಮುಂದೆ ತಮಟೆಗೆ ಕುಣಿಯುತ್ತಿರುವ ವಿಡಿಯೋ ಅವನ ಸ್ಟೇಟಸ್ಸಿನಲ್ಲೇ ಇತ್ತು. ನನ್ನ ನಂಬರ್ ಅವನ ಫೋನಿನಲ್ಲಿ ಸೇವ್ ಆಗಿದೆ ಅನ್ನೋದನ್ನೇ ಮರೆತಿದ್ದ. ನಾನು ಏನೂ ಅನ್ನಲಿಲ್ಲ. ಸರ್ಟಿಫಿಕೇಟ್ ತೆಗೆದುಕೊಂಡೆ. ಆದರೆ ಮುಂದಿನ ವರ್ಷ ಅವನ ಅಮ್ಮನಿಗೆ ನಿಜವಾಗಿ ಆಪರೇಷನ್ ಆದಾಗ ಬಂದು ನಿಂತ ನೋಡಿ, ಆಗ ನನಗೆ ನಂಬೋಕೆ ಕಷ್ಟವಾಯಿತು. ಅದು ಅವನಿಗೂ ಗೊತ್ತಾಯಿತು.

ಪಾಂಡವಪುರದ ಹುಡುಗ, ನಿನಗೆ ನಿಜವಾದ ಕಾರಣ ಇದೆ. ಅದನ್ನು ಬಿಟ್ಟು ‘ಅನಿವಾರ್ಯ ಕಾರಣಗಳಿಂದ’ ಅಂತ ಯಾಕೆ ಬರೆದೆ? ಇದು ಹೈಸ್ಕೂಲಿನಲ್ಲಿ ಐದು ಅಂಕಕ್ಕೆ ಬರೆಯುತ್ತಿದ್ದ ರಜಾ ಅರ್ಜಿ. ಮೇಷ್ಟ್ರುಗಳು ದಿನಕ್ಕೆ ನಾಲ್ಕು ಓದುತ್ತಾರೆ. ಓದುತ್ತಾರೆ ಅಂದೆ, ಇಲ್ಲ, ಸಹಿ ಹಾಕಿ ಪಕ್ಕಕ್ಕಿಡುತ್ತಾರೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಒಂದೇ ವಾಕ್ಯದಲ್ಲಿ ಮೂರು ಕೇಳಿದ್ದೀಯ. ಹಾಜರಿ ಕೊಡಿ, ಟೆಸ್ಟ್ ಕೊಡಿ, ನೋಟ್ಸ್ ಕೊಡಿ. ಈ ಮೂರನ್ನೂ ಕೊಡೋರು ಬೇರೆ ಬೇರೆ. ಬರದೇ ಇದ್ದ ದಿನಕ್ಕೆ ಹಾಜರಿ ಹಾಕೋ ಅಧಿಕಾರ ಪಾಠ ಮಾಡೋರಿಗೆ ಇಲ್ಲ. ರಿಜಿಸ್ಟರ್‌ನಲ್ಲಿ ಒಂದು ಸಲ ‘ಎ’ ಅಂತ ಬಿದ್ದರೆ ಅದನ್ನು ತಿದ್ದಿದರೆ ನಮ್ಮ ತಲೆ ಹೋಗುತ್ತೆ. ಅದು ಎಚ್‌ಒಡಿ (ವಿಭಾಗದ ಮುಖ್ಯಸ್ಥರು), ಪ್ರಿನ್ಸಿಪಾಲರ ಮಟ್ಟದ್ದು. ಟೆಸ್ಟ್ ಮಾತ್ರ ವಿಷಯದ ಮೇಷ್ಟ್ರ ಕೈಯಲ್ಲಿದೆ, ಅದೂ ಎಲ್ಲಾ ಕಾಲೇಜಲ್ಲಿ ಅಲ್ಲ. ನೋಟ್ಸ್ ಯಾರ ಕೈಯಲ್ಲಿದೆ? ನಿನ್ನ ಪಕ್ಕದ ಬೆಂಚಿನವನ ಕೈಯಲ್ಲಿ. ಅದಕ್ಕೆ ಮೇಷ್ಟ್ರ ಹತ್ತಿರ ಯಾಕೆ ಬರಬೇಕು? ಮೂರನ್ನೂ ಒಬ್ಬರನ್ನೇ ಕೇಳಿದರೆ ಅವರು ‘ಎಚ್‌ಒಡಿ ನೋಡು’ ಅಂತ ಕಳಿಸಿಬಿಡುತ್ತಾರೆ. ಎಚ್‌ಒಡಿ ‘ಸಬ್ಜೆಕ್ಟ್ ಟೀಚರ್ ನೋಡು’ ಅನ್ನುತ್ತಾರೆ. ನೀನು ಕಾರಿಡಾರಿನಲ್ಲೇ ಸೆಮಿಸ್ಟರ್ ಮುಗಿಸುತ್ತೀಯ.

ಪಾಂಡವಪುರದ ಹುಡುಗ

ಮೇಡಂ, ಇದು ಹೊಳೆದೇ ಇರಲಿಲ್ಲ. ಅಜ್ಜಿ ವಿಷಯ ಬರೆದರೆ ಸುಳ್ಳು ಅಂದುಕೊಳ್ಳುತ್ತಾರೆ ಅಂತ ಬರೆಯಲಿಲ್ಲ. ನಮ್ಮ ಕ್ಲಾಸಲ್ಲಿ ಒಬ್ಬನ ಅಜ್ಜಿ ಈಗಾಗಲೇ ಮೂರು ಸಲ ಸತ್ತಿದ್ದಾರೆ.

ಖಾರ ಪುರಿ

ಇಷ್ಟೆಲ್ಲಾ ಯಾಕೆ ಬೇಡಿಕೊಳ್ಳಬೇಕು ಅಂತ ನನಗೆ ಅರ್ಥವಾಗಲ್ಲ. ಮನೆಯಲ್ಲಿ ಸಾವಾಗಿದೆ. ಹೋಗಿದ್ದಾನೆ. ಅದಕ್ಕೆ 19 ವರ್ಷದ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ಕೈ ಕಟ್ಟಿ ನಿಲ್ಲಬೇಕಾ? ಮೇಷ್ಟ್ರು ಬರದೇ ಇದ್ದ ದಿನ ನಮಗೆ ಯಾರಾದರೂ ಪತ್ರ ಬರೆಯುತ್ತಾರಾ? 2023ರ ಕೊನೆಯಲ್ಲಿ ಅತಿಥಿ ಉಪನ್ಯಾಸಕರ ಮುಷ್ಕರ ನಡೆಯಿತಲ್ಲ, ಆಗ ನಾನು ಸರ್ಕಾರಿ ಕಾಲೇಜಲ್ಲಿ ಬಿಎ. ಎಷ್ಟೋ ದಿನ ಕ್ಲಾಸೇ ಇರಲಿಲ್ಲ. ಅದಕ್ಕೆ ಯಾರ ಹಾಜರಿ ಕಟ್ ಆಯಿತು?

ಚಾಕ್‌ಪೀಸ್ ಮೇಡಂ

ನಡೆಯದೇ ಇದ್ದ ಕ್ಲಾಸು ನಿನ್ನ ಲೆಕ್ಕಕ್ಕೂ ಬರೋದಿಲ್ಲ ಖಾರ ಪುರಿ. ಹಾಜರಿ ಲೆಕ್ಕ ಹಾಕೋದು ನಡೆದ ಕ್ಲಾಸಿನ ಮೇಲೆ. ಬಂದ್‌ಗೂ ಅಷ್ಟೇ. 2023ರ ಸೆಪ್ಟೆಂಬರ್ 29ರ ಕಾವೇರಿ ಬಂದ್ ನೆನಪಿದೆಯಾ? ಅಂಥ ದಿನ ಕಾಲೇಜು ಮುಚ್ಚಿದ್ದರೆ ಯಾರಿಗೂ ಗೈರು ಇಲ್ಲ. ಕಾಲೇಜು ತೆರೆದಿದ್ದು, ನಿಮ್ಮೂರಿಂದ ಬಸ್ ಬರದೇ ಇದ್ದರೆ ಅದು ನಿನ್ನ ಗೈರು. ಅದನ್ನು ನೀನೇ ಬಂದು ಹೇಳಿಕೊಳ್ಳಬೇಕು. ನಮಗೆ ಕನಸು ಬೀಳೋದಿಲ್ಲ.

ಮುಷ್ಕರ ಮಾಡಿದವರಿಗೂ ಕಾರಣ ಇತ್ತು, ಅದು ಬೇರೆ ಮಾತು. ಬೇಡಿಕೊಳ್ಳೋದು ಬೇಡ ಅಂತ ನಾನೂ ಹೇಳುತ್ತೇನೆ. ಕೈ ಕಟ್ಟಿ ನಿಂತು ಅಳುವವರು ಬಂದರೆ ನಮಗೇ ಮುಜುಗರ. ಬಾ, ಹೇಳು, ಹೋಗು. ಎರಡು ನಿಮಿಷದ ಕೆಲಸ.

ಖಾರ ಪುರಿ

ಎರಡು ನಿಮಿಷ ನಿಮಗೆ ಮೇಡಂ. ಒಳಗೆ ಎಂಟು ಜನ ಮೇಷ್ಟ್ರು ಕೂತು ಟಿಫನ್ ಬಾಕ್ಸ್ ಬಿಚ್ಚಿಕೊಂಡಿರುತ್ತಾರೆ. ಎಲ್ಲರೂ ಒಟ್ಟಿಗೆ ತಿರುಗಿ ನೋಡುತ್ತಾರೆ. ಒಬ್ಬರು ‘ಏನಪ್ಪಾ ಹೀರೋ, ದಾರಿ ಸಿಕ್ತಾ ಕಾಲೇಜಿಗೆ?’ ಅನ್ನುತ್ತಾರೆ. ಉಳಿದ ಏಳು ಜನ ನಗುತ್ತಾರೆ. ಆಮೇಲೆ ಅಜ್ಜಿ ಸತ್ತ ವಿಷಯ ಹೇಗೆ ಹೇಳೋದು?

ಚಾಕ್‌ಪೀಸ್ ಮೇಡಂ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಗುವವರಲ್ಲಿ ನಾನೂ ಇದ್ದಿರಬಹುದು.

ಊಟದ ಹೊತ್ತಿಗೆ ಹೋಗಬೇಡ ಅಂತ ಮಾತ್ರ ಹೇಳಬಲ್ಲೆ. ಕ್ಲಾಸ್ ಮುಗಿಸಿ ರಿಜಿಸ್ಟರ್ ಹಿಡಿದು ಹೊರಡುವಾಗ ಜೊತೆಗೆ ನಡಿ. ಕಾರಿಡಾರಿನಲ್ಲಿ ಒಬ್ಬರೇ ಇರುತ್ತಾರೆ. ‘ಸಾರ್, ಎರಡು ನಿಮಿಷ ಮಾತಾಡಬೇಕಿತ್ತು, ಯಾವಾಗ ಬರಲಿ’ ಅಂದರೆ ಸಾಕು.

ಪ್ಯಾಸೆಂಜರ್ ಗಾಡಿ

ನನ್ನದು ಬೇರೆ ಥರದ ಕಥೆ, ಆದರೂ ಹೇಳುತ್ತೇನೆ. ಮಂಡ್ಯದಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಹೋಗಿ ಎಂಎ ಮಾಡಿದವಳು ನಾನು. ದೂರ ಹೆಚ್ಚಿಲ್ಲ, 45 ಕಿಲೋಮೀಟರ್ ಅಷ್ಟೇ. ಆದರೆ ಬೇರೆ ಗಾಡಿಗೆ ದಾರಿ ಬಿಡೋಕೆ ನಮ್ಮ ಗಾಡಿಯನ್ನು ನಡುವೆ ನಿಲ್ಲಿಸಿದರೆ ಮುಗಿಯಿತು. ಸ್ಟೇಷನ್ನಿನಿಂದ ವಿಶ್ವವಿದ್ಯಾನಿಲಯದ ಕ್ಯಾಂಪಸ್ ಮಾನಸಗಂಗೋತ್ರಿಗೆ ಹೋಗಿ ಮುಟ್ಟೋ ಹೊತ್ತಿಗೆ ಮೊದಲ ಕ್ಲಾಸಲ್ಲಿ ಹಾಜರಿ ಕೂಗಿ ಆಗಿರುತ್ತಿತ್ತು. ವಾರಕ್ಕೆ ಎರಡು ದಿನ ಗ್ಯಾರಂಟಿ.

ನಾನು ಏನು ಮಾಡುತ್ತಿದ್ದೆ ಗೊತ್ತಾ? ತಡವಾದರೆ ಒಳಗೇ ಹೋಗುತ್ತಿರಲಿಲ್ಲ. ಕುಕ್ಕರಹಳ್ಳಿ ಕೆರೆ ಕಡೆ ಹೋಗಿ ಕೂತುಬಿಡುತ್ತಿದ್ದೆ. ಹಾಜರಿ ಹೆಂಗೂ ಇಲ್ಲ, ಬೈಸಿಕೊಳ್ಳೋದು ಯಾಕೆ ಅಂತ. ಎರಡು ತಿಂಗಳು ಹೀಗೇ ಆಯಿತು. ಶಾರ್ಟೇಜ್ ಪಟ್ಟಿ, ಅಂದರೆ ಹಾಜರಿ ಕಮ್ಮಿ ಇರೋರ ಪಟ್ಟಿ, ನೋಟಿಸ್ ಬೋರ್ಡಿಗೆ ಬಂದಾಗ ನನ್ನದು ಮೊದಲ ಹೆಸರು. ಅಕ್ಷರಮಾಲೆ ಪ್ರಕಾರ ಇರಲಿಲ್ಲ ಅದು, ಕಡಿಮೆ ಇರೋರು ಮೇಲೆ.

ಅವತ್ತು ಮೇಡಂ ಹತ್ತಿರ ಹೋಗಿ ಎಲ್ಲಾ ಹೇಳಿದೆ. ಅವರು ಕೇಳಿದ ಮೊದಲ ಮಾತು, ‘ತಡವಾದ ದಿನ ಎಲ್ಲಿರ್ತೀಯಮ್ಮಾ?’ ಕೆರೆ ಹತ್ತಿರ ಅಂದೆ. ‘ಅಲ್ಲಿ ಯಾರು ಪಾಠ ಮಾಡ್ತಾರೆ?’ ಅಂದರು. ನನಗೆ ಅಳು, ನಗು ಎರಡೂ ಬಂತು. ಹಳೇ ಹಾಜರಿ ಒಂದೂ ಕೊಡಲಿಲ್ಲ. ಆದರೆ ಮಾರನೇ ವಾರದಿಂದ ಹಾಜರಿಯನ್ನು ಕ್ಲಾಸಿನ ಕೊನೆಯಲ್ಲಿ ಕೂಗೋಕೆ ಶುರು ಮಾಡಿದರು. ಯಾಕೆ ಅಂತ ಯಾರಿಗೂ ಹೇಳಲಿಲ್ಲ. ರೈಲಿನಲ್ಲಿ ಬರುತ್ತಿದ್ದ ನಾವು ಐದು ಜನಕ್ಕೆ ಮಾತ್ರ ಗೊತ್ತು.

ಅದಕ್ಕೇ ಹೇಳೋದು, ದಿನಾ ಆಗೋ ತೊಂದರೆ ಇದ್ದರೆ ಸೆಮಿಸ್ಟರಿನ ಮೊದಲನೇ ವಾರವೇ ಹೇಳಿಬಿಡಿ. ಆಗ ಅದು ವಿಷಯ. ಪಟ್ಟಿ ಬಂದ ಮೇಲೆ ಹೇಳಿದರೆ ಅದು ನೆಪ.

ಮದ್ದೂರು ರೈತ

ನನ್ನ ಮಗಳು ಮೈಸೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದಾಳೆ. ಹೋದ ವರ್ಷ ಕಾಲೇಜಿಂದ ನನಗೇ ಫೋನ್ ಬಂತು, ನಿಮ್ಮ ಮಗಳ ಹಾಜರಿ ಕಮ್ಮಿ ಅಂತ. ನಾನು ಕಬ್ಬಿನ ಲಾರಿ ಲೋಡ್ ಮಾಡಿಸುತ್ತಿದ್ದೆ, ಸರಿಯಾಗಿ ಕೇಳಿಸಲೂ ಇಲ್ಲ. ಸಂಜೆ ಅವಳಿಗೆ ಮಾಡಿದರೆ ಒಂದೇ ಅಳು. ಮಧ್ಯೆ ಹುಷಾರಿರಲಿಲ್ಲವಂತೆ, ನಮಗೆ ಹೇಳಿದರೆ ಗಾಬರಿಯಾಗುತ್ತೇವೆ ಅಂತ ಮುಚ್ಚಿಟ್ಟಿದ್ದಾಳೆ. ನಾವು ಫೋನ್ ಮಾಡಿ ಮೇಷ್ಟ್ರ ಹತ್ತಿರ ಮಾತಾಡಬಹುದಾ, ಇಲ್ಲ ಮಕ್ಕಳೇ ಮಾತಾಡಬೇಕಾ? ನಾನು ಓದಿರೋದು ಏಳನೇ ಕ್ಲಾಸು. ಮಾತಾಡೋಕೆ ಒಂಥರಾ ಆಗುತ್ತೆ.

ಚಾಕ್‌ಪೀಸ್ ಮೇಡಂ

ಯಜಮಾನರೇ, ಧಾರಾಳವಾಗಿ ಮಾತಾಡಿ. ಏಳನೇ ಕ್ಲಾಸಿಗೂ ಇದಕ್ಕೂ ಸಂಬಂಧ ಇಲ್ಲ. ಮನೆಯಲ್ಲಿ ಸಾವು, ಆಸ್ಪತ್ರೆ, ಇಂಥದ್ದು ಆದ ದಿನವೇ ತಂದೆಯೋ ಚಿಕ್ಕಪ್ಪನೋ ಒಂದು ಫೋನ್ ಮಾಡಿದರೆ ನಮಗೆ ಅದೇ ದೊಡ್ಡ ಸಾಕ್ಷಿ. ಸರ್ಟಿಫಿಕೇಟ್‌ಗಿಂತ ಹೆಚ್ಚು. ‘ಮೇಡಂ, ಹಿಂಗಾಗಿದೆ, ಮಗಳು ಒಂದು ವಾರ ಬರಲ್ಲ’ ಅಂದರೆ ಸಾಕು. ವಾಪಸ್ ಬಂದ ಮೇಲೆ ಟೆಸ್ಟ್ ಕೇಳೋದು, ಲ್ಯಾಬ್ ಕೇಳೋದು ಮಾತ್ರ ಅವಳೇ ಮಾಡಲಿ.

ಹಳೇ ಫೈಲು

ನಾನು ಕಾಲೇಜು ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಭಾವನೆ ಎಲ್ಲಾ ಮೇಡಂ ಹೇಳಿದರು, ನಾನು ಲೆಕ್ಕ ಹೇಳುತ್ತೇನೆ.

ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರತಿ ವಿಷಯಕ್ಕೂ ಶೇ. 85 ಹಾಜರಿ ಬೇಕು. ಎಲ್ಲಾ ಸೇರಿಸಿ ಅಲ್ಲ, ಒಂದೊಂದು ವಿಷಯಕ್ಕೂ. ಕಾರಣ ಸರಿಯಾಗಿದ್ದು ಪ್ರಿನ್ಸಿಪಾಲರು ಶಿಫಾರಸು ಮಾಡಿದರೆ ಶೇ. 10ರವರೆಗೆ ಮಾಫಿ ಇದೆ. ಅಂದರೆ 75ರ ಕೆಳಗೆ ಇಳಿದರೆ ಅಲ್ಲಿಗೆ ಮುಗಿಯಿತು. ಮೈಸೂರು ವಿಶ್ವವಿದ್ಯಾನಿಲಯದ ಡಿಗ್ರಿಗಳಿಗೆ ಶೇ. 75. ಬಿ.ಎಡ್ ಅವರ ಪಾಡು ಕೇಳಲೇಬೇಡಿ, ತರಗತಿಗೆ 80, ಶಾಲೆಗೆ ಹೋಗೋ ಇಂಟರ್ನ್‌ಶಿಪ್‌ಗೆ 90.

ಈಗ ಹುಡುಗನದ್ದು ನೋಡೋಣ. ಸೆಮಿಸ್ಟರಿಗೆ 40 ಗಂಟೆ ಪಾಠ ಇರೋ ವಿಷಯ ಅಂದುಕೊಳ್ಳಿ. 85 ಅಂದರೆ 34 ಕ್ಲಾಸು. 75 ಅಂದರೆ 30. ನೀನು ಊರಲ್ಲಿದ್ದ 11 ದಿನದಲ್ಲಿ ಗಣಿತ ಎಷ್ಟು ಕ್ಲಾಸು ನಡೆದಿದೆ? ಅದಕ್ಕೆ ಮುಂಚೆ ಎಷ್ಟು ತಪ್ಪಿಸಿದ್ದೆ? ಸತ್ಯ ಹೇಳು.

ಪಾಂಡವಪುರದ ಹುಡುಗ

ಸಾರ್, 11 ದಿನದಲ್ಲಿ 5 ಕ್ಲಾಸು. ಅದಕ್ಕೆ ಮುಂಚೆ 4. ಅದರಲ್ಲಿ ಒಂದು ಕ್ರಿಕೆಟ್ ಮ್ಯಾಚು.

ಹಳೇ ಫೈಲು

ಒಟ್ಟು 9. ಇನ್ನು ಮೇಲೆ ಒಂದೂ ಬಿಡದೆ ಹೋದರೆ 40ಕ್ಕೆ 31. ಶೇ. 77.5. ಅಂದರೆ ನಿನಗೆ ಮಾಫಿ ಬೇಕೇ ಬೇಕು. ಮಾಫಿ ಸಿಗೋ 75ರ ಗೆರೆಗಿಂತ ಮೇಲೇ ಇದ್ದೀಯ, ಆದರೆ ಕೈಯಲ್ಲಿ ಉಳಿದಿರೋದು ಒಂದೇ ಒಂದು ಕ್ಲಾಸು. ಎರಡು ತಪ್ಪಿಸಿದರೆ ಯಾವ ಪತ್ರವೂ ಕೆಲಸಕ್ಕೆ ಬರೋದಿಲ್ಲ.

ಅಜ್ಜಿಗೆ 5 ಹೋಯಿತು, ಅದಕ್ಕೆ ಯಾರೂ ಏನೂ ಅನ್ನೋದಿಲ್ಲ. ಮುಂಚಿನ ಆ 4 ಇದೆಯಲ್ಲ, ಅದು ಇಲ್ಲದಿದ್ದರೆ 40ಕ್ಕೆ 35 ಬರುತ್ತಿತ್ತು. ಯಾರ ಹತ್ತಿರವೂ ಹೋಗಬೇಕಾಗಿರಲಿಲ್ಲ. ಆಫೀಸಿನಲ್ಲಿ ಕೂತು ನಾನು ನೋಡಿದ್ದೇ ಇದು. ನಿಜವಾದ ಕಷ್ಟ ಬಂದಾಗ ಬಳಸೋಕೆ ಇರೋ ರಜೆಯನ್ನು ಮೊದಲೇ ಚಿಲ್ಲರೆಯಾಗಿ ಖರ್ಚು ಮಾಡಿಕೊಂಡಿರುತ್ತಾರೆ.

ಮಾಫಿಯ ಅರ್ಜಿಯನ್ನು ಮೇಷ್ಟ್ರ ಕೈಗೆ ಕೊಟ್ಟು ಸುಮ್ಮನಾಗಬೇಡ. ಆಫೀಸಿಗೆ ಕೊಡು, ಬಂದ ಪತ್ರಗಳ ಪುಸ್ತಕದಲ್ಲಿ ಸೇರಿಸಿ ಇನ್‌ವರ್ಡ್ ನಂಬರ್ ಹಾಕಿಸು, ಇನ್ನೊಂದು ಪ್ರತಿಯ ಮೇಲೆ ಸೀಲು ಹೊಡೆಸಿಕೊಂಡು ಇಟ್ಟುಕೋ. ಸೆಮಿಸ್ಟರ್ ಕೊನೆಯಲ್ಲಿ ‘ನಿನ್ನ ಅರ್ಜಿ ಬಂದೇ ಇಲ್ಲ’ ಅನ್ನೋ ಮಾತು ನಾನೇ ಎಷ್ಟು ಮಕ್ಕಳಿಗೆ ಹೇಳಿದ್ದೇನೋ. ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಲೂ ಸಿಗುತ್ತಿರಲಿಲ್ಲ.

ಐದನೇ ಸೆಮ್ಮು

ಲ್ಯಾಬ್ ಬಗ್ಗೆ ಯಾರೂ ಹೇಳಲಿಲ್ಲ. ಅದೇ ಸುಲಭ. ನಿನ್ನದು ಯಾವ ಬ್ಯಾಚು? ಅದೇ ಪ್ರಯೋಗ ಇನ್ನೊಂದು ಬ್ಯಾಚಿಗೆ ಬೇರೆ ದಿನ ಇರುತ್ತೆ. ‘ಸಾರ್, ಬಿ2 ಬ್ಯಾಚ್ ಜೊತೆ ಕೂತು ಮಾಡಿ ರೆಕಾರ್ಡ್ ಬರೆದು ತರಲಾ’ ಅಂತ ಕೇಳು. ಸುಮ್ನೆ ‘ಲ್ಯಾಬ್ ಮಿಸ್ ಆಯ್ತು ಸಾರ್, ಏನ್ ಮಾಡ್ಲಿ’ ಅಂದರೆ ಅವರು ಯೋಚನೆ ಮಾಡಬೇಕು. ಯೋಚನೆ ನೀನೇ ಮಾಡಿಕೊಂಡು ಹೋದರೆ ಅವರು ಹೂಂ ಅನ್ನೋದು ಮಾತ್ರ ಬಾಕಿ.

ಇಂಟರ್ನಲ್ಸ್ ಬಗ್ಗೆ ಭಯ ಇದ್ದೇ ಇರಲಿ. ಸಿಐಇಯಲ್ಲಿ, ಅಂದರೆ ಸೆಮಿಸ್ಟರ್ ಪೂರ್ತಿ ಸೇರಿಸೋ ಇಂಟರ್ನಲ್ಸ್ ಅಂಕದಲ್ಲಿ, 50ಕ್ಕೆ 20 ಬರದಿದ್ದರೆ ಫೈನಲ್ ಎಕ್ಸಾಮಿಗೇ ಕೂರಿಸಲ್ಲ.

ಪಾಂಡವಪುರದ ಹುಡುಗ (ಸೋಮವಾರ ಮಧ್ಯಾಹ್ನ)

ಪತ್ರ ಹೊಸದಾಗಿ ಬರೆದೆ. ಇದು ಗಣಿತದ ಸಾರ್‌ಗೆ ಮಾತ್ರ. ವಾಟ್ಸಾಪಿನಲ್ಲಿ ಕಳಿಸಲಾ, ಮೇಲ್ ಮಾಡಲಾ? ಇಂಗ್ಲಿಷಿನಲ್ಲೇ ಬರೆಯಬೇಕಾ?

‘ಸಾರ್, ನಮಸ್ಕಾರ. ನಾನು ಮೂರನೇ ಸೆಮಿಸ್ಟರ್ ಎ ಸೆಕ್ಷನ್, ರೋಲ್ ನಂಬರ್ 41. ನಮ್ಮ ಅಜ್ಜಿ ತೀರಿಕೊಂಡಿದ್ದರಿಂದ 11 ದಿನ ಊರಿನಲ್ಲಿದ್ದೆ. ಆಗಲೇ ತಿಳಿಸಬೇಕಿತ್ತು, ತಿಳಿಸಲಿಲ್ಲ, ತಪ್ಪಾಯಿತು. ನಿಮ್ಮ ಮೊದಲ ಟೆಸ್ಟ್ ತಪ್ಪಿಹೋಗಿದೆ. ಆ ಎರಡು ಮಾಡ್ಯೂಲ್ ನೋಟ್ಸ್ ಬರೆದುಕೊಂಡು ಲೆಕ್ಕಗಳನ್ನು ಮಾಡಿದ್ದೇನೆ. ಟೆಸ್ಟ್ ಬರೆಯಲು ಇನ್ನೊಂದು ಅವಕಾಶ ಇದ್ದರೆ ನೀವು ಹೇಳಿದ ದಿನ ಬರುತ್ತೇನೆ. ಬೇಕಾದರೆ ನಮ್ಮ ತಂದೆಯವರು ನಿಮ್ಮ ಜೊತೆ ಮಾತಾಡುತ್ತಾರೆ.’

ಚಾಕ್‌ಪೀಸ್ ಮೇಡಂ

ಇದನ್ನು ಓದುತ್ತಾರೆ. ‘ಬೇಕಾದರೆ’ ಅನ್ನೋ ಸಾಲಿನ ಜೊತೆ ತಂದೆಯ ನಂಬರ್ ಕೊಟ್ಟುಬಿಡು. ಆಮೇಲೆ ನಿಜವಾಗಲೂ ಲೆಕ್ಕ ಮಾಡಿದ್ದೀಯ ತಾನೇ? ಪುಸ್ತಕ ತೋರಿಸು ಅಂದರೆ?

ಭಾಷೆ ವಿಷಯ. ಮೇಲ್ ಮಾಡೋದಾದರೆ ನಿಮ್ಮ ಕಾಲೇಜಿನ ರೂಢಿಯಂತೆ ಇಂಗ್ಲಿಷಿನಲ್ಲೇ ಮಾಡು. ಆದರೆ ಸಾರ್ ಕನ್ನಡದವರಾದರೆ ಕನ್ನಡದಲ್ಲಿ ಬರೆದ ನಾಲ್ಕು ಸಾಲು ಬೇರೆಯಾಗಿ ಕೇಳಿಸುತ್ತೆ. ಇಂಗ್ಲಿಷ್ ಪತ್ರ ಎಲ್ಲಿಂದಲೋ ನಕಲು ಹೊಡೆದ ಹಾಗೆ ಇರುತ್ತೆ, ಹುಡುಗನ ದನಿ ಇರೋದಿಲ್ಲ. ಈಗಂತೂ ಎಲ್ಲರ ಮೇಲ್ ಒಂದೇ ಥರ ಬರುತ್ತಿದೆ, ಫೋನೇ ಬರೆದುಕೊಡುತ್ತಂತೆ. ಒಂದೇ ದಿನ ನಾಲ್ಕು ಜನ ಒಂದೇ ವಾಕ್ಯದಲ್ಲಿ ‘ತೀವ್ರ ವಿಷಾದ’ ವ್ಯಕ್ತಪಡಿಸಿದ್ದರು ನನಗೆ.

ವಾಟ್ಸಾಪ್ ಆದರೆ ರಾತ್ರಿ ಹತ್ತೂವರೆಗೆ ‘ಹಾಯ್ ಸಾರ್’ ಅಂತ ಹಾಕಿ ಉತ್ತರಕ್ಕೆ ಕಾಯಬೇಡ. ಪೂರ್ತಿ ವಿಷಯ ಒಂದೇ ಸಲ ಹಾಕು. ವಾಯ್ಸ್ ಮೆಸೇಜ್ ಬೇಡವೇ ಬೇಡ. ನಮ್ಮ ಕ್ಲಾಸ್ ಗ್ರೂಪಿನಲ್ಲಿ ಒಬ್ಬಳು 3 ನಿಮಿಷದ ವಾಯ್ಸ್ ಹಾಕಿದ್ದಳು. ಕುಕ್ಕರ್ ಐದು ಸಲ ಕೂಗಿತು, ವಿಷಯ ಮಾತ್ರ ಗೊತ್ತಾಗಲಿಲ್ಲ.

ಬಲ್ಲಾಳ್ ಸರ್ಕಲ್

ನನ್ನ ಸ್ಟೇಟಸ್‌ನಿಂದ ಎಲ್ಲಾ ಮೇಷ್ಟ್ರನ್ನೂ ಹೈಡ್ ಮಾಡಿದೆ. ಥ್ಯಾಂಕ್ಸ್ ಮೇಡಂ.

ಪಾಂಡವಪುರದ ಹುಡುಗ (ಗುರುವಾರ ರಾತ್ರಿ)

ಆಗಿದ್ದು ಹೇಳುತ್ತೇನೆ.

ಗಣಿತದ ಸಾರ್ ಜೊತೆ ಕ್ಲಾಸ್ ಮುಗಿದ ಮೇಲೆ ಕಾರಿಡಾರಿನಲ್ಲಿ ನಡೆದೆ. ಮೆಸೇಜ್ ಓದಿದ್ದರು. ‘ಪಾಂಡವಪುರದಲ್ಲಿ ಯಾವೂರು?’ ಅಂದರು. ಹೇಳಿದೆ. ಅವರ ಹೆಂಡತಿಯ ಊರು ನಮ್ಮೂರಿಂದ ಮೂರು ಕಿಲೋಮೀಟರ್. ಆಮೇಲೆ ಪುಸ್ತಕ ಕೇಳಿದರು. ಮೇಡಂ, ನೀವು ಹೇಳಿದ್ದು ಸರಿ, ನಿಜವಾಗಲೂ ಕೇಳಿದರು. ಎರಡನೇ ಮಾಡ್ಯೂಲ್ ಅರ್ಧ ಮಾತ್ರ ಆಗಿತ್ತು. ಅದನ್ನು ನೋಡಿ ‘ಇದನ್ನ ಪೂರ್ತಿ ಮಾಡು, ಶನಿವಾರ ಹನ್ನೊಂದಕ್ಕೆ ಬಾ, ಬರೆಸ್ತೀನಿ’ ಅಂದರು. ಅಪ್ಪನಿಗೆ ಫೋನ್ ಮಾಡಲೇ ಇಲ್ಲ.

ಇನ್ನೊಂದು ವಿಷಯದ ಮೇಡಂ ಆಗಲ್ಲ ಅಂದರು. ‘ಒಬ್ಬನಿಗೆ ಕೊಟ್ಟರೆ ಹತ್ತು ಜನ ಬರ್ತಾರೆ. ಉಳಿದ ಟೆಸ್ಟಲ್ಲಿ ಚೆನ್ನಾಗಿ ಬರಿ’ ಅಂದರು. ಬೈಯಲಿಲ್ಲ. ನಾನೂ ಇನ್ನೊಂದು ಸಲ ಕೇಳಲಿಲ್ಲ.

ಲ್ಯಾಬ್ ಬಿ2 ಜೊತೆ, ಬುಧವಾರ ಒಂದು ಮುಗಿಯಿತು. ಅರ್ಜಿ ಆಫೀಸಿಗೆ ಕೊಟ್ಟೆ. ಇನ್‌ವರ್ಡ್ ನಂಬರ್ ಹಾಕಿ ಅಂದಾಗ ಅಲ್ಲಿದ್ದವರು ‘ಯಾರು ಹೇಳಿಕೊಟ್ಟಿದ್ದು ನಿಂಗೆ?’ ಅಂತ ಕೇಳಿದರು. ನಕ್ಕೆ, ಹೇಳಲಿಲ್ಲ.

ಹಳೇ ಫೈಲು

ಸೀಲು ಹೊಡೆದ ಪ್ರತಿ ರೂಮಿನಲ್ಲಿ ಇಡಬೇಡ. ಊರಿಗೆ ಹೋದಾಗ ಬೀರುವಿನಲ್ಲಿ ಇಡು. ಆ ಒಂದು ಕ್ಲಾಸು ಇನ್ನೂ ಇದೆಯಾ?

ಪಾಂಡವಪುರದ ಹುಡುಗ

ಇದೆ ಸಾರ್. ಮುಂದಿನ ವಾರ ಅಜ್ಜಿಗೆ ತಿಂಗಳ ಎಡೆ ಇಡಬೇಕು. ಅವತ್ತು ಬೆಳಿಗ್ಗೆ 9ಕ್ಕೆ ಗಣಿತ ಇದೆ. ಎಡೆ ಸಂಜೆ ಇಡೋಣ, ಕ್ಲಾಸ್ ಮುಗಿಸಿ ಬಂದುಬಿಡುತ್ತೇನೆ ಅಂತ ಅಪ್ಪನಿಗೆ ಹೇಳಿದ್ದೇನೆ. ‘ಆಯ್ತು ಬಾರ್ಲಾ, ಅಜ್ಜಿ ಎಲ್ಲಿಗೆ ಹೋಯ್ತದೆ, ಕಾಯ್ತದೆ’ ಅಂದರು.